1824: ಕಿತ್ತೂರಿನ ಆ ವರ್ಷ ಉಳಿದ ಜಗತ್ತಿನಲ್ಲಿ ಏನು ನಡೆಯುತ್ತಿತ್ತು?

ಹಳೇಪುಟ:

ಎಲ್ಲರಿಗೂ ನಮಸ್ಕಾರ. 1824 ಅಂದ ಕೂಡಲೇ ನಮಗೆ ನೆನಪಾಗುವುದು ಕಿತ್ತೂರು. ಅಕ್ಟೋಬರ್ 23, ರಾಣಿ ಚೆನ್ನಮ್ಮ, ಥ್ಯಾಕರೆಯ ಸಾವು. ಶಾಲೆಯಲ್ಲಿ ಓದಿದ್ದು ಅಲ್ಲಿಗೆ ಮುಗಿಯುತ್ತದೆ. ಅದೇ ವರ್ಷ ಬೇರೆ ಕಡೆ ಏನಾಗುತ್ತಿತ್ತು ಅಂತ ಪಕ್ಕದಲ್ಲಿಟ್ಟು ನೋಡುವ ರೂಢಿ ನಮಗಿಲ್ಲ. ಈಚೆಗೆ ನಾನು ಹಾಗೆ ನೋಡತೊಡಗಿದೆ. ನೋಡಿದಷ್ಟೂ ಕಿತ್ತೂರಿನ ಕಥೆ ದೊಡ್ಡದಾಗುತ್ತಾ ಹೋಯಿತು.

ಕೆಲವನ್ನು ತಾರೀಖಿನ ಪ್ರಕಾರ ಹೇಳುತ್ತೇನೆ. ಜನವರಿ 21ರಂದು ಪಶ್ಚಿಮ ಆಫ್ರಿಕಾದಲ್ಲಿ, ಈಗಿನ ಘಾನಾದ ಕಾಡಿನಲ್ಲಿ, ಅಶಾಂತಿ ಎಂಬ ಹೆಸರಿನ ರಾಜ್ಯದ ಸೈನ್ಯ ಬ್ರಿಟಿಷ್ ಪಡೆಯನ್ನು ಸೋಲಿಸಿತು. ಅಲ್ಲಿ ಸತ್ತವನು ಯಾರೋ ಕಿರಿಯ ಅಧಿಕಾರಿಯಲ್ಲ, ಗವರ್ನರ್ ಸರ್ ಚಾರ್ಲ್ಸ್ ಮೆಕಾರ್ಥಿಯೇ. ಮೇ 17ರಂದು ಈಗಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಹತ್ತಿರ, ರಾಮು ಎಂಬಲ್ಲಿ, ಬರ್ಮಾದ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಪುಡಿ ಮಾಡಿತು. ಆಗಸ್ಟ್ 14ರಂದು ಆಸ್ಟ್ರೇಲಿಯಾದ ಬ್ಯಾಥರ್ಸ್ಟ್ ಸುತ್ತಮುತ್ತ ಸೇನಾ ಆಡಳಿತ ಘೋಷಣೆಯಾಯಿತು. ತಮ್ಮ ನೆಲ ಉಳಿಸಿಕೊಳ್ಳಲು ಅಲ್ಲಿನ ವಿರಾಜುರಿ ಜನ ವಿಂಡ್ರಡೈನ್ ಎಂಬ ನಾಯಕನ ಜೊತೆ ನಿಂತು ಹೋರಾಡುತ್ತಿದ್ದರು. ಅಕ್ಟೋಬರ್ 23 ಕಿತ್ತೂರು. ನವೆಂಬರ್ 2ರಂದು ಕಲ್ಕತ್ತಾ ಪಕ್ಕದ ಬ್ಯಾರಕ್‌ಪುರದಲ್ಲಿ ಕಂಪನಿ ತನ್ನದೇ ಸಿಪಾಯಿಗಳ ಮೇಲೆ ಫಿರಂಗಿ ಹಾರಿಸಿತು. ಡಿಸೆಂಬರ್ 9ರಂದು ಪೆರುವಿನ ಅಯಕುಚೊದಲ್ಲಿ ಸ್ಪೇನ್‌ನ ಸುಮಾರು 300 ವರ್ಷಗಳ ಆಳ್ವಿಕೆಯ ಬೆನ್ನು ಮುರಿಯಿತು.

ಕಿತ್ತೂರನ್ನು ಬೆಳಗಾವಿ ಸೀಮೆಯ ಒಂದು ಕೋಟೆಯ ಕಥೆ ಅಂತ ಮಾತ್ರ ಓದಬಾರದು ಎಂಬುದು ನನ್ನ ವಾದ. ದೊಡ್ಡ ಸಾಮ್ರಾಜ್ಯಗಳು ಆ ವರ್ಷ ಎಲ್ಲೆಲ್ಲಿ ಕೈ ಚಾಚಿದ್ದವೋ ಅಲ್ಲೆಲ್ಲ ಪೆಟ್ಟು ತಿಂದವು. ಕಿತ್ತೂರಿನ ಪೆಟ್ಟು ಅದರಲ್ಲಿ ಒಂದು. ನಿಮಗೆ ಗೊತ್ತಿರುವ 1824ರ ಸಂಗತಿಗಳನ್ನೂ ಸೇರಿಸಿ. ಯುದ್ಧವೇ ಆಗಬೇಕಿಲ್ಲ.

ಲೆಕ್ಕದ ಮೇಷ್ಟ್ರು:

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ಆದರೆ ನನ್ನದೊಂದು ತಕರಾರು. ಆ ಕಾಲದ ಯಾವ ವರ್ಷ ತೆಗೆದರೂ ನಾಲ್ಕೈದು ದಂಗೆ, ಒಂದೆರಡು ಯುದ್ಧ ಸಿಕ್ಕೇ ಸಿಗುತ್ತವೆ. ತಾರೀಖು ಹತ್ತಿರ ಇದ್ದ ಮಾತ್ರಕ್ಕೆ ಸಂಬಂಧ ಇದೆ ಅಂತ ಆಗುವುದಿಲ್ಲ. ಅಶಾಂತಿ ರಾಜನಿಗೆ ಕಿತ್ತೂರು ಗೊತ್ತಿರಲಿಲ್ಲ, ಚೆನ್ನಮ್ಮನಿಗೆ ಅಯಕುಚೊ ಗೊತ್ತಿರಲಿಲ್ಲ. ಒಂದರಿಂದ ಇನ್ನೊಂದು ಹೇಗೆ ಹುಟ್ಟಿತು, ಇಲ್ಲವೇ ಎರಡಕ್ಕೂ ಇದ್ದ ಒಂದೇ ಕಾರಣ ಯಾವುದು ಅಂತ ತೋರಿಸಿ, ಒಪ್ಪುತ್ತೇನೆ.

ನನ್ನ ಕಡೆಯಿಂದ ಆ ವರ್ಷಕ್ಕೆ ಎರಡು ಹೆಸರು. ನಾರ್ವೆಯ ನೀಲ್ಸ್ ಹೆನ್ರಿಕ್ ಆಬೆಲ್‌ಗೆ ಆಗ 22ರ ಆಸುಪಾಸು. ಎರಡನೇ ಘಾತದ ಸಮೀಕರಣಕ್ಕೆ ನಾವು ಹೈಸ್ಕೂಲಿನಲ್ಲಿ ಸೂತ್ರ ಕಲಿಯುತ್ತೇವೆ ಅಲ್ವಾ? ಮೂರು ಮತ್ತು ನಾಲ್ಕನೇ ಘಾತಕ್ಕೂ ಅಂಥ ಸೂತ್ರ ಇದೆ. ಐದನೆಯದಕ್ಕೂ ಇರಬೇಕು ಅಂತ ಗಣಿತಜ್ಞರು ಇನ್ನೂರೈವತ್ತು ವರ್ಷ ಹುಡುಕಿದ್ದರು. ಅಂಥ ಸಾಮಾನ್ಯ ಸೂತ್ರ ಇರಲು ಸಾಧ್ಯವೇ ಇಲ್ಲ ಅಂತ 1824ರಲ್ಲಿ ಆಬೆಲ್ ಸಾಧಿಸಿ ತೋರಿಸಿದ. ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಬೇಕಿತ್ತು. ಖರ್ಚು ಉಳಿಸಲು ಇಡೀ ವಾದವನ್ನು 6 ಪುಟಕ್ಕೆ ಇಳಿಸಿದ. ಅಷ್ಟು ಬಿಗಿಯಾದ ಬರಹ ಯಾರಿಗೂ ಸರಿಯಾಗಿ ಅರ್ಥವಾಗಲಿಲ್ಲ. 26ನೇ ವಯಸ್ಸಿಗೆ ಕ್ಷಯದಿಂದ ತೀರಿಕೊಂಡ.

ಅದೇ ವರ್ಷ ಪ್ಯಾರಿಸ್‌ನಲ್ಲಿ 28 ವರ್ಷದ ಸಾದಿ ಕಾರ್ನೋ ಹಬೆ ಯಂತ್ರದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. ಶಾಖವನ್ನು ಕೆಲಸವಾಗಿ ಬದಲಿಸುವುದಕ್ಕೆ ಒಂದು ಮಿತಿ ಇದೆ, ಬಿಸಿ ಕಡೆಗೂ ತಣ್ಣನೆ ಕಡೆಗೂ ಇರುವ ಉಷ್ಣತೆಯೇ ಆ ಮಿತಿಯನ್ನು ತೀರ್ಮಾನಿಸುತ್ತದೆ ಎಂಬುದು ಅವನ ಮಾತು. ಇವತ್ತಿನ ಕಾರಿನ ಎಂಜಿನ್, ಉಷ್ಣ ವಿದ್ಯುತ್ ಸ್ಥಾವರ ಎಲ್ಲವೂ ಆ ಮಾತಿನ ಅಡಿಯಲ್ಲೇ ಇವೆ. ಆಗ ಮಾತ್ರ ಯಾರೂ ತಿರುಗಿ ನೋಡಲಿಲ್ಲ. 1832ರಲ್ಲಿ ಕಾಲರಾ ಬಂದು ಅವನೂ ಹೋದ, 36ಕ್ಕೆ.

ಹಳೇಪುಟ:

ಮೇಷ್ಟ್ರೇ, ನಿಮ್ಮ ಪ್ರಶ್ನೆ ಸರಿಯಾಗಿದೆ. ಸಂಬಂಧ ತೋರಿಸಲು ನೋಡುತ್ತೇನೆ. ಮೊದಲು ಬರ್ಮಾ.

ಗವರ್ನರ್ ಜನರಲ್ ಆಮ್‌ಹರ್ಸ್ಟ್ 1824ರ ಮಾರ್ಚ್ 5ರಂದು ಬರ್ಮಾ ಮೇಲೆ ಯುದ್ಧ ಸಾರಿದ. ಮೇ ತಿಂಗಳಲ್ಲಿ ದೊಡ್ಡ ನೌಕಾಪಡೆ ರಂಗೂನಿಗೆ ಹೋಗಿ ಇಳಿಯಿತು. ಆ ಪಡೆಯಲ್ಲಿದ್ದ ಭಾರತೀಯ ಸಿಪಾಯಿಗಳಲ್ಲಿ ಜಾಸ್ತಿ ಜನ ಮದ್ರಾಸ್ ಪ್ರಾಂತ್ಯದವರು. ಊರು ಕೈಗೆ ಬಂತು, ಆದರೆ ಖಾಲಿ ಊರು. ಜನ ದವಸ, ದನ, ದೋಣಿ ಎಲ್ಲ ತೆಗೆದುಕೊಂಡು ಹೊರಟುಹೋಗಿದ್ದರು. ಮೇಲೆ ಮಳೆಗಾಲ ಹಿಡಿಯಿತು. ಸುತ್ತ ಕೆಸರು, ತಿನ್ನಲು ಹಳಸಿದ ಮಾಂಸ, ಜ್ವರ, ಆಮಶಂಕೆ. ಗುಂಡಿಗಿಂತ ರೋಗಕ್ಕೆ ಸತ್ತವರೇ ಜಾಸ್ತಿ. ಯುದ್ಧ 1826ರ ಫೆಬ್ರುವರಿ ತನಕ ಎಳೆಯಿತು. ಹೋದ ಸುಮಾರು 40,000 ಜನರಲ್ಲಿ 15,000ದಷ್ಟು ಜನ ಹಿಂತಿರುಗಲಿಲ್ಲ. ಭಾರತದಲ್ಲಿ ಕಂಪನಿ ಅದುವರೆಗೆ ಮಾಡಿದ ಯುದ್ಧಗಳಲ್ಲೇ ಬಹಳ ದುಬಾರಿಯಾದದ್ದು ಇದು.

ಈಗ ಬ್ಯಾರಕ್‌ಪುರ. ಅಲ್ಲಿನ 47ನೇ ಬಂಗಾಳ ಪದಾತಿ ದಳಕ್ಕೆ ಚಿತ್ತಗಾಂಗ್ ಕಡೆ ಹೊರಡಲು ಹುಕುಂ ಬಂತು. ರಾಮುವಿನ ಸೋಲಿನ ಸುದ್ದಿ ಅಷ್ಟು ಹೊತ್ತಿಗೆ ಛಾವಣಿಯ ತುಂಬ ಹರಡಿತ್ತು. ಸಮುದ್ರ ದಾಟಿಸುತ್ತಾರೆ, ಜಾತಿ ಕೆಡುತ್ತದೆ ಎಂಬ ಭಯವೂ ಇತ್ತು. ಇದರ ಜೊತೆ ಎತ್ತುಗಳ ಸಮಸ್ಯೆ. ಸಿಪಾಯಿಗಳು ತಮ್ಮ ಅಡುಗೆ ಪಾತ್ರೆ, ಹಾಸಿಗೆ ಹೊರಲು ಎತ್ತುಗಳನ್ನು ಸ್ವಂತ ದುಡ್ಡಿನಲ್ಲಿ ಗೊತ್ತು ಮಾಡಿಕೊಳ್ಳಬೇಕಿತ್ತು. ಎತ್ತುಗಳೆಲ್ಲ ಆಗಲೇ ಯುದ್ಧದ ಕೆಲಸಕ್ಕೆ ಹೋಗಿದ್ದರಿಂದ ಉಳಿದವುಗಳ ಬೆಲೆ ಕೈಗೆ ಎಟುಕುವಂತಿರಲಿಲ್ಲ. ಎತ್ತು ಕೊಡಿ, ಇಲ್ಲವೇ ಭತ್ಯೆ ಕೊಡಿ ಅಂದರು. ಸೇನಾಪತಿ ಎಡ್ವರ್ಡ್ ಪ್ಯಾಜೆಟ್ ಮಾತುಕತೆಗೆ ಒಪ್ಪಲಿಲ್ಲ. ನವೆಂಬರ್ 2ರ ಬೆಳಿಗ್ಗೆ ಕವಾಯತು ಮೈದಾನದಲ್ಲಿ ನಿಂತಿದ್ದವರ ಮೇಲೆ ಫಿರಂಗಿ ಹಾರಿಸಿದರು. ಓಡಿದವರು ಹೂಗ್ಲಿ ನದಿಗೆ ಬಿದ್ದರು. ಆಮೇಲೆ ನೋಡಿದರೆ ಸಿಪಾಯಿಗಳ ಬಂದೂಕುಗಳಲ್ಲಿ ಮದ್ದೇ ತುಂಬಿರಲಿಲ್ಲ. ಇದನ್ನು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ, 200 ವರ್ಷ ಕಳೆದರೂ. ಮುಂದಾಳು ಬಿಂದಿ ತಿವಾರಿಯನ್ನು ಗಲ್ಲಿಗೇರಿಸಿದರು. ದಳದ ಸಂಖ್ಯೆಯನ್ನೇ ಪಟ್ಟಿಯಿಂದ ಅಳಿಸಿದರು. 33 ವರ್ಷದ ನಂತರ ಮಂಗಲ್ ಪಾಂಡೆ ಬಂದೂಕು ಎತ್ತಿದ್ದು ಇದೇ ಬ್ಯಾರಕ್‌ಪುರದಲ್ಲಿ.

ಬರ್ಮಾದಿಂದ ಬ್ಯಾರಕ್‌ಪುರಕ್ಕೆ ಸಂಬಂಧ ಸ್ಪಷ್ಟ. ಕಿತ್ತೂರಿನ ಬಗ್ಗೆ ಬರೆಯುವ ಮೊದಲು ಆ ಕಡೆಯವರು ಯಾರಾದರೂ ಮಾತಾಡಲಿ ಅಂತ ಆಸೆ.

ಗಂಡುಮೆಟ್ಟಿನ ನಾಡು:

ನಾನು ಆ ಕಡೆಯವನು, ಧಾರವಾಡದ ಹತ್ತಿರ. ಹೇಳ್ತೀನಿ ಕೇಳಿ.

ಮೊದಲನೆಯದಾಗಿ, ಕಿತ್ತೂರು ಶುರುವಿನಿಂದಲೂ ಇಂಗ್ಲಿಷರ ವೈರಿ ಆಗಿರಲಿಲ್ಲ. 1818ರಲ್ಲಿ ಪೇಶ್ವೆಯ ವಿರುದ್ಧ ನಡೆದ ಯುದ್ಧದಲ್ಲಿ ಕಿತ್ತೂರು ಕಂಪನಿಗೆ ಸಹಾಯ ಮಾಡಿತ್ತು. ಅದಕ್ಕೆ ಸನದು, ಅಂದರೆ ಹಕ್ಕುಪತ್ರ, ಕೂಡ ಸಿಕ್ಕಿತ್ತು. ಸಹಾಯ ಮಾಡಿದ ಸಂಸ್ಥಾನವನ್ನೇ ಆರು ವರ್ಷಕ್ಕೆ ನುಂಗಲು ಬಂದರು. ನಮ್ಮ ಕಡೆ ಜನರ ಸಿಟ್ಟಿನ ಮೂಲ ಇದು.

ದೊರೆ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್‌ನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮೊದಲು ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದ. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಆ ದತ್ತು ಒಪ್ಪಲಿಲ್ಲ. ಪತ್ರದ ಮೇಲಿನ ರುಜುವನ್ನೇ ಅನುಮಾನಿಸಿದ. ಬಂದು ಖಜಾನೆಗೆ ಮೊಹರು ಹಾಕಿಸಿ ತನ್ನ ಕಾವಲು ಕೂರಿಸಿದ. ಚೆನ್ನಮ್ಮ ಒಮ್ಮೆಲೇ ಕತ್ತಿ ಹಿಡಿದಳು ಅಂತ ಜನ ತಿಳಿಯುತ್ತಾರೆ. ಹಾಗಲ್ಲ. ಆಕೆ ಮೊದಲು ಪತ್ರದ ದಾರಿ ಹಿಡಿದಳು. ಬಾಂಬೆ ಗವರ್ನರ್ ಎಲ್ಫಿನ್‌ಸ್ಟನ್‌ಗೂ ದಖನ್ನಿನ ಕಮಿಷನರ್ ಚಾಪ್ಲಿನ್‌ಗೂ ಬರೆದಳು. ಯಾವುದೂ ಫಲಿಸಲಿಲ್ಲ. ಅಕ್ಟೋಬರ್ 23ರ ಬೆಳಿಗ್ಗೆ ಕೋಟೆಯ ಬಾಗಿಲು ಮುಚ್ಚಿತ್ತು. ಥ್ಯಾಕರೆ ಬಾಗಿಲು ಒಡೆಯಲು ತೋಪು ತಂದು ನಿಲ್ಲಿಸಿದ. ಆಗ ಕೋಟೆಯ ಒಳಗಿದ್ದವರು ಒಮ್ಮೆಲೇ ಹೊರಗೆ ನುಗ್ಗಿದರು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಅವನ ಜೊತೆ ಬಂದ ಸೇನಾಧಿಕಾರಿಗಳೂ ಸತ್ತರು. ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬ ಇಬ್ಬರು ಸಹಾಯಕರು ಸೆರೆ ಸಿಕ್ಕರು. ಅವರನ್ನು ಕೊಲ್ಲಲಿಲ್ಲ.

ಡಿಸೆಂಬರ್ ಮೊದಲ ವಾರ ಕಂಪನಿ ದೊಡ್ಡ ಸೈನ್ಯದೊಂದಿಗೆ ಮತ್ತೆ ಬಂತು. ಕೋಟೆ ಬಿತ್ತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟರು, 1829ರಲ್ಲಿ ಅಲ್ಲೇ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣ ಎದ್ದದ್ದು ಅದೇ ಹೊತ್ತಿಗೆ.

ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ. 1824ರಲ್ಲೇ ಬಿಜಾಪುರದ ಪೂರ್ವಕ್ಕೆ ಸಿಂದಗಿಯಲ್ಲಿ ದಿವಾಕರ ದೀಕ್ಷಿತ ಎಂಬವನು ಜನ ಕಟ್ಟಿಕೊಂಡು ಊರು ವಶಪಡಿಸಿಕೊಂಡ. ಠಾಣೆ ಸ್ಥಾಪಿಸಿ ಕಂದಾಯ ವಸೂಲಿಗೂ ಏರ್ಪಾಡು ಮಾಡಿದ. ಸಣ್ಣ ದಂಗೆ, ಬೇಗ ಅಡಗಿತು. ಆದರೂ ಕಿತ್ತೂರಿನ ಹೆಸರು ಹೇಳುವಾಗ ಸಿಂದಗಿಯನ್ನೂ ಒಂದು ಸಾಲಿನಲ್ಲಿ ನೆನೆಯಬೇಕು.

ಲೆಕ್ಕದ ಮೇಷ್ಟ್ರು:

ಎಲಿಯಟ್ ಅಂದರೆ ಶಾಸನ ಸಂಗ್ರಹಿಸಿದ ಎಲಿಯಟ್‌ರೇ?

ಗಂಡುಮೆಟ್ಟಿನ ನಾಡು:

ಹೌದು ಸರ್, ಅವನೇ. ಸೆರೆ ಸಿಕ್ಕಾಗ ಅವನಿಗೆ 21 ವರ್ಷ. ಬಿಡುಗಡೆ ಆದ ಮೇಲೆ ಇದೇ ಸೀಮೆಯಲ್ಲಿ ಕೆಲಸ ಮಾಡಿದ. ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದ. ಚಾಲುಕ್ಯರ ವಂಶಾವಳಿ ಬಗ್ಗೆ ವಿದ್ವಾಂಸರು ಬರೆಯಲು ಆ ನಕಲುಗಳು ಆಧಾರವಾದವು. 1840ರ ದಶಕದಲ್ಲಿ ಅಮರಾವತಿ ಸ್ತೂಪ ಅಗೆಸಿದವನೂ ಅವನೇ. ಅಲ್ಲಿನ ಶಿಲ್ಪಗಳು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕಿತ್ತೂರಿನವರು ಅವತ್ತು ಸೆರೆಯಾಳುಗಳನ್ನು ಉಳಿಸಿದ್ದಕ್ಕೆ ಇದೂ ಒಂದು ಫಲ ಅಂತ ನಾನು ತಿಳಿದಿದ್ದೇನೆ.

ಸಿಂಗಾಪುರ ಕನ್ನಡತಿ:

ನಮ್ಮ ಊರಿಗೆ 1824 ಬಹಳ ದೊಡ್ಡ ವರ್ಷ. ಇಲ್ಲಿ ನೆಲೆಸಿ ಬಹಳ ಕಾಲವಾಯಿತು, ಹಾಗಾಗಿ ನಮ್ಮ ಊರು ಅನ್ನುತ್ತಿದ್ದೇನೆ. 1819ರಲ್ಲಿ ಕಂಪನಿಯ ಅಧಿಕಾರಿ ರಾಫಲ್ಸ್ ಬಂದು ಇಳಿದದ್ದು ಎಲ್ಲರಿಗೂ ಗೊತ್ತು. ಆದರೆ ಊರು ಪಕ್ಕಾ ಬ್ರಿಟಿಷರದ್ದಾದದ್ದು 1824ರಲ್ಲಿ. ಮಾರ್ಚ್ 17ರಂದು ಲಂಡನ್‌ನಲ್ಲಿ ಬ್ರಿಟಿಷರೂ ಡಚ್ಚರೂ ಒಪ್ಪಂದ ಮಾಡಿಕೊಂಡರು. ಸುಮಾತ್ರಾದ ಬೆಂಕೂಲೆನ್ ಡಚ್ಚರಿಗೆ, ಮಲಕ್ಕಾ ಬ್ರಿಟಿಷರಿಗೆ. ಭಾರತದಲ್ಲಿ ಡಚ್ಚರ ಬಳಿ ಉಳಿದಿದ್ದ ನೆಲೆಗಳೂ ಬ್ರಿಟಿಷರಿಗೆ ಬಂದವು. ಆಗಸ್ಟ್ 2ರಂದು ಜೊಹೊರ್ ಸುಲ್ತಾನನ ಜೊತೆ ಬೇರೆ ಕರಾರು ಆಗಿ ಸಿಂಗಾಪುರ ದ್ವೀಪ ಪೂರ್ತಿ ಕಂಪನಿಯ ಕೈ ಸೇರಿತು.

ಇದರಲ್ಲಿ ನನಗೆ ನೋವಾಗುವ ವಿಷಯ ಒಂದಿದೆ. ಈಗ ಮಲೇಷ್ಯಾದಲ್ಲಿರುವ ಜೊಹೊರ್ ಮತ್ತು ಇಂಡೊನೇಷ್ಯಾದಲ್ಲಿರುವ ರಿಯಾವ್ ಆಗ ಒಂದೇ ರಾಜ್ಯ. ಆ ಕಡೆ ಈ ಕಡೆ ಒಂದೇ ಭಾಷೆ, ನೆಂಟಸ್ತಿಕೆ, ಮೀನುಗಾರಿಕೆ. ಲಂಡನ್‌ನ ಒಪ್ಪಂದ ಅದನ್ನು ಎರಡು ಭಾಗ ಮಾಡಿತು. ಇವತ್ತಿನ ಮಲೇಷ್ಯಾ, ಇಂಡೊನೇಷ್ಯಾ ಗಡಿಯ ಮೂಲ ಅದು. ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ. ಕಿತ್ತೂರಿನ ದತ್ತು ಪ್ರಶ್ನೆಯಲ್ಲೂ ಹೀಗೇ ಆಯಿತು ಅಲ್ವಾ? ವಾರಸುದಾರ ಯಾರು ಅಂತ ಹೇಳುವ ಅಧಿಕಾರ ಹೊರಗಿನವರ ಕೈಯಲ್ಲಿತ್ತು.

ಶಿಲೆಕಲ್ಲು:

ಯುದ್ಧದಿಂದ ಸ್ವಲ್ಪ ಬೇರೆ ಕಡೆ ಹೋಗೋಣ. 1824ರ ಫೆಬ್ರುವರಿ 20ರಂದು ಲಂಡನ್‌ನ ಭೂವಿಜ್ಞಾನ ಸಂಘದ ಸಭೆ. ವಿಲಿಯಂ ಬಕ್‌ಲ್ಯಾಂಡ್ ಎಂಬ ಪ್ರೊಫೆಸರ್ ಆಕ್ಸ್‌ಫರ್ಡ್ ಹತ್ತಿರದ ಕಲ್ಲುಗಣಿಯಲ್ಲಿ ಸಿಕ್ಕ ದವಡೆ, ಮೂಳೆಗಳನ್ನು ವರ್ಣಿಸಿ ಆ ಪ್ರಾಣಿಗೆ ಮೆಗಾಲೊಸಾರಸ್ ಅಂತ ಹೆಸರಿಟ್ಟ. ಇವತ್ತು ನಾವು ಡೈನೊಸಾರ್ ಅನ್ನುವ ಪ್ರಾಣಿಗಳಲ್ಲಿ ವಿಜ್ಞಾನದ ಹೆಸರು ಪಡೆದ ಮೊದಲನೆಯದು ಇದು. ಡೈನೊಸಾರ್ ಎಂಬ ಗುಂಪಿನ ಹೆಸರು ಬರಲು 1842 ಆಗಬೇಕಾಯಿತು.

ಅದೇ ಸಭೆಯಲ್ಲಿ ಇನ್ನೊಂದು ವಸ್ತು ಎಲ್ಲರ ಗಮನ ಸೆಳೆಯಿತು. ಉದ್ದ ಕತ್ತಿನ ಸಮುದ್ರ ಸರೀಸೃಪ ಪ್ಲೀಸಿಯೊಸಾರ್‌ನ ಬಹುತೇಕ ಇಡೀ ಅಸ್ಥಿಪಂಜರ. ಅದನ್ನು ಲೈಮ್ ರೀಜಿಸ್ ಕಡಲ ದಂಡೆಯ ಬಂಡೆಯಿಂದ ಬಿಡಿಸಿ ತೆಗೆದವಳು ಮೇರಿ ಆ್ಯನಿಂಗ್. ಬಡ ಬಡಗಿಯ ಮಗಳು. ಸಭೆಯಲ್ಲಿ ಅದರ ಬಗ್ಗೆ ಮಾತಾಡಿದವನು ಕೊನಿಬೇರ್ ಎಂಬ ಪಾದ್ರಿ. ಮೇರಿ ಅಲ್ಲಿರಲಿಲ್ಲ, ಇರುವಂತೆಯೂ ಇರಲಿಲ್ಲ. ಆ ಸಂಘ ಹೆಂಗಸರನ್ನು ಸಭೆಗೆ ಬಿಟ್ಟುಕೊಂಡದ್ದು 1904ರಲ್ಲಿ. ಅವಳು ಬಂಡೆ ಕೆತ್ತಿ, ಮೂಳೆ ಜೋಡಿಸಿ, ಚಿತ್ರ ಬರೆದು ಕಳಿಸುತ್ತಿದ್ದಳು. ಹೆಸರು ಮಾತ್ರ ಕೊಂಡವರಿಗೆ ಹೋಗುತ್ತಿತ್ತು. ಭೂವಿಜ್ಞಾನ ಓದುವ ನಮ್ಮ ಹುಡುಗಿಯರಿಗೆ ಈಕೆಯ ಕಥೆ ಕಡ್ಡಾಯವಾಗಿ ಹೇಳಬೇಕು ಅಂತ ನನ್ನ ಹಟ.

ಸೈಟ್ ಇಂಜಿನಿಯರ್:

ಒಂದು ಸಣ್ಣ ಸೇರ್ಪಡೆ. ಕಿತ್ತೂರು ಕದನಕ್ಕೆ ಎರಡು ದಿನ ಮೊದಲು, ಅಂದರೆ ಅಕ್ಟೋಬರ್ 21ರಂದು, ಇಂಗ್ಲೆಂಡಿನ ಲೀಡ್ಸ್ ಊರಿನ ಗಾರೆ ಕೆಲಸದ ಜೋಸೆಫ್ ಆ್ಯಸ್ಪ್‌ಡಿನ್ ಎಂಬಾತನಿಗೆ ಪೋರ್ಟ್‌ಲ್ಯಾಂಡ್ ಸಿಮೆಂಟ್‌ನ ಪೇಟೆಂಟ್ ಸಿಕ್ಕಿತು. ಸುಣ್ಣದ ಕಲ್ಲು, ಜೇಡಿಮಣ್ಣು ಸೇರಿಸಿ ಸುಟ್ಟು ಪುಡಿ ಮಾಡುವ ವಿಧಾನ. ಈಗಿನಷ್ಟು ಹೆಚ್ಚು ಶಾಖದಲ್ಲಿ ಸುಡುವ ಗಟ್ಟಿ ಸಿಮೆಂಟ್ ಬಂದದ್ದು ಮುಂದೆ, 1840ರ ದಶಕದಲ್ಲಿ. ಆದರೂ ನಾವು ಇವತ್ತು ಚೀಲದ ಮೇಲೆ ಓದುವ ಹೆಸರು ಅವನದೇ.

ಆರು ಚುಕ್ಕಿ:

ನಾನು ದೃಷ್ಟಿ ಇಲ್ಲದ ಮಕ್ಕಳಿಗೆ ಪಾಠ ಮಾಡುತ್ತೇನೆ. ನನಗೆ 1824 ಅಂದರೆ ಲೂಯಿ ಬ್ರೈಲ್. ಫ್ರಾನ್ಸಿನ ಕೂವ್ರೇ ಎಂಬ ಹಳ್ಳಿಯಲ್ಲಿ ತಂದೆ ಕುದುರೆ ಜೀನು ಹೊಲಿಯುತ್ತಿದ್ದರು. ಮೂರನೇ ವಯಸ್ಸಿನಲ್ಲಿ ತಂದೆಯ ದಬ್ಬಳ ಕಣ್ಣಿಗೆ ಚುಚ್ಚಿ, ಸೋಂಕು ಹರಡಿ ಎರಡೂ ಕಣ್ಣು ಹೋದವು. ಪ್ಯಾರಿಸ್‌ನ ಅಂಧರ ಶಾಲೆಗೆ ಸೇರಿದ. ಅಲ್ಲಿ ದಪ್ಪ ಉಬ್ಬು ಅಕ್ಷರದ ಪುಸ್ತಕಗಳಿದ್ದವು. ಓದುವುದು ನಿಧಾನ, ಬರೆಯುವುದಂತೂ ಆಗದ ಮಾತು. ಬಾರ್ಬಿಯೆ ಎಂಬ ಮಾಜಿ ಸೇನಾಧಿಕಾರಿ 12 ಚುಕ್ಕಿಗಳ ಒಂದು ಲಿಪಿ ತಂದಿದ್ದ. ಅದು ಒಂದು ಬೆರಳ ತುದಿಗೆ ಹಿಡಿಯುವಂತಿರಲಿಲ್ಲ. ಲೂಯಿ ಅದನ್ನು 6 ಚುಕ್ಕಿಗೆ ಇಳಿಸಿದ. 1824ರಲ್ಲಿ ಅವನ ಲಿಪಿ ಒಂದು ರೂಪಕ್ಕೆ ಬಂದಾಗ ಅವನಿಗೆ ಬರೀ 15 ವರ್ಷ.

ಆರು ಚುಕ್ಕಿಯಲ್ಲಿ 63 ಗುರುತು ಮೂಡುತ್ತವೆ. ಕನ್ನಡವೂ ಅದರಲ್ಲೇ ಬರೆಯಲಾಗುತ್ತದೆ. ಭಾರತಿ ಬ್ರೈಲ್‌ನಲ್ಲಿ ನಮ್ಮ ‘ಕ’ಕ್ಕೂ ಹಿಂದಿಯ ‘ಕ’ಕ್ಕೂ ಬಂಗಾಳಿಯ ‘ಕ’ಕ್ಕೂ ಒಂದೇ ಚುಕ್ಕಿ ಜೋಡಣೆ. ಮೇಷ್ಟ್ರು ಹೇಳಿದ ಆಬೆಲ್, ಕಾರ್ನೋ ಇಬ್ಬರ ಹಾಗೆ ಲೂಯಿಗೂ ಬದುಕಿದ್ದಾಗ ಪೂರ್ತಿ ಮನ್ನಣೆ ಸಿಗಲಿಲ್ಲ. ಅವನ ಶಾಲೆಯಲ್ಲೇ ಒಬ್ಬ ನಿರ್ದೇಶಕ ಈ ಲಿಪಿಯನ್ನು ನಿಷೇಧಿಸಿದ್ದ. ಮಕ್ಕಳು ಕದ್ದು ಕಲಿತರು.

ಸ್ವರಸಂಗಾತಿ:

ಮೇ 7, ವಿಯೆನ್ನಾ. ಬೀಥೋವನ್‌ನ ಒಂಬತ್ತನೇ ಸಿಂಫನಿ ಮೊದಲ ಸಲ ಕೇಳಿಬಂದ ಸಂಜೆ. ಅವನಿಗೆ ಆಗ ಕಿವಿ ಬಹುತೇಕ ಕೇಳುತ್ತಲೇ ಇರಲಿಲ್ಲ. ವೇದಿಕೆಯ ಮೇಲೆ ನಿಂತಿದ್ದ, ಆದರೆ ವಾದ್ಯಗಾರರು ನಿಜವಾಗಿ ನೋಡುತ್ತಿದ್ದದ್ದು ಉಮ್‌ಲೌಫ್ ಎಂಬ ನಿರ್ದೇಶಕನ ಕೈಯನ್ನು. ಜನ ಚಪ್ಪಾಳೆ ತಟ್ಟುತ್ತಿದ್ದದ್ದು ಬೀಥೋವನ್‌ಗೆ ತಿಳಿಯಲಿಲ್ಲ. ಹಾಡುಗಾರ್ತಿ ಕ್ಯಾರೊಲಿನ್ ಉಂಗರ್ ಅವನನ್ನು ಜನರ ಕಡೆ ತಿರುಗಿಸಿ ತೋರಿಸಿದಳು. ಬರ್ಮಾ ಯುದ್ಧದ ಹಡಗುಗಳು ರಂಗೂನಿನ ಹತ್ತಿರ ಬಂದಿದ್ದ ವಾರ ಅದು. ಎರಡನ್ನೂ ಒಟ್ಟಿಗೆ ಯೋಚಿಸಿದರೆ ಮನಸ್ಸು ಭಾರವಾಗುತ್ತದೆ.

ಕಡಲದಾರಿ:

ನನ್ನ ಪಾಲಿನದು ಹವಾಯಿ. ಅಲ್ಲಿನ ರಾಜ ಲಿಹೊಲಿಹೊ, ಅಂದರೆ ಎರಡನೇ ಕಮೆಹಮೆಹ, ರಾಣಿ ಕಮಾಮಲು ಜೊತೆ ಇಂಗ್ಲೆಂಡಿಗೆ ಹೋದ. ದೊರೆ ನಾಲ್ಕನೇ ಜಾರ್ಜ್‌ನನ್ನು ಕಂಡು ಮಾತಾಡುವುದು ಉದ್ದೇಶ. ತಿಂಗಳುಗಟ್ಟಲೆ ಹಡಗಿನಲ್ಲಿ ಪಯಣ. ಲಂಡನ್‌ನಲ್ಲಿ ಇಬ್ಬರಿಗೂ ದಡಾರ ತಗುಲಿತು. ಅವರ ದ್ವೀಪಗಳಲ್ಲಿ ಆ ರೋಗವೇ ಇರಲಿಲ್ಲ, ಮೈಯಲ್ಲಿ ತಡೆಯುವ ಶಕ್ತಿಯೂ ಇರಲಿಲ್ಲ. ಜುಲೈ 8ರಂದು ರಾಣಿ, 14ರಂದು ರಾಜ ತೀರಿಕೊಂಡರು. ದೊರೆಯ ಭೇಟಿ ಆಗಲೇ ಇಲ್ಲ. ಅದೇ ತಿಂಗಳು ಲಂಡನ್‌ಗೆ ಕವಿ ಬೈರನ್‌ನ ದೇಹ ಗ್ರೀಸ್‌ನಿಂದ ಬಂದಿತ್ತು. ಗ್ರೀಕರ ಸ್ವಾತಂತ್ರ್ಯ ಯುದ್ಧಕ್ಕೆ ನೆರವಾಗಲು ಹೋಗಿದ್ದವನು ಏಪ್ರಿಲ್ 19ರಂದು ಮಿಸ್ಸೊಲೊಂಗಿಯಲ್ಲಿ ಜ್ವರದಿಂದ ಸತ್ತಿದ್ದ. ಹವಾಯಿಯ ರಾಜ ರಾಣಿಯರ ದೇಹಗಳನ್ನು ಹಡಗಿನಲ್ಲಿ ಮನೆಗೆ ತಲುಪಿಸಿದ ಕ್ಯಾಪ್ಟನ್ ಆ ಕವಿಯ ದಾಯಾದಿ, ಅವನ ನಂತರ ಬೈರನ್ ಪದವಿಗೆ ಬಂದವನು.

ಜಪಾನನ್ನೂ ಹೇಳಿಬಿಡುತ್ತೇನೆ. 1824ರಲ್ಲಿ ಬ್ರಿಟಿಷ್ ತಿಮಿಂಗಿಲ ಬೇಟೆಯ ಹಡಗಿನವರು ಜಪಾನಿನ ಎರಡು ಕಡೆ ದಂಡೆಗೆ ಇಳಿದರು. ಒಂದು ಕಡೆ ದನಕ್ಕಾಗಿ ಜಗಳ, ಗುಂಡೇಟು ಆಯಿತು. ಮುಂದಿನ ವರ್ಷವೇ ಜಪಾನ್ ಸರ್ಕಾರ ಕಟ್ಟಪ್ಪಣೆ ಹೊರಡಿಸಿತು: ಪಶ್ಚಿಮದ ಹಡಗು ಕಂಡರೆ ಎರಡನೇ ಯೋಚನೆ ಮಾಡದೆ ಗುಂಡು ಹಾರಿಸಿ ಓಡಿಸಿ.

ಲೆಕ್ಕದ ಮೇಷ್ಟ್ರು:

ಎಲ್ಲವೂ ಚೆನ್ನಾಗಿದೆ. ಆದರೂ ನನ್ನ ಪ್ರಶ್ನೆ ಹಾಗೇ ಉಳಿದಿದೆ. ಬರ್ಮಾ ಮತ್ತು ಬ್ಯಾರಕ್‌ಪುರಕ್ಕೆ ಸಂಬಂಧ ಒಪ್ಪಿದೆ. ಕಿತ್ತೂರಿಗೆ ಏನು? ಥ್ಯಾಕರೆ ದತ್ತು ಒಪ್ಪದಿರಲು ಬರ್ಮಾ ಕಾರಣ ಅಲ್ಲವಲ್ಲ.

ಹಳೇಪುಟ:

ಕಾರಣ ಅಂತ ನಾನೂ ಹೇಳುವುದಿಲ್ಲ ಮೇಷ್ಟ್ರೇ. ಆದರೆ ಎರಡು ಸಂಗತಿ ನೋಡಿ.

ಒಂದು, ಸುದ್ದಿಯ ವೇಗ. ತಂತಿ ಇನ್ನೂ ಬಂದಿರಲಿಲ್ಲ. ಭಾರತದಿಂದ ಲಂಡನ್‌ಗೆ ಕಾಗದ ಹೋಗಲು ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಬೇಕು. ಶಿವಲಿಂಗರುದ್ರಸರ್ಜ ತೀರಿಕೊಂಡ ಸುದ್ದಿ ಲಂಡನ್ ತಲುಪುವ ಮೊದಲೇ ಥ್ಯಾಕರೆಯೂ ಸತ್ತಿದ್ದ. ಆಮ್‌ಹರ್ಸ್ಟ್ ಬರ್ಮಾ ಯುದ್ಧ ಸಾರಿದ್ದು ಲಂಡನ್‌ಗೆ ಗೊತ್ತಾದದ್ದೂ ಯುದ್ಧ ಶುರುವಾಗಿ ಎಷ್ಟೋ ಕಾಲದ ಮೇಲೆ. ಅಂದರೆ ಸ್ಥಳದಲ್ಲಿದ್ದ ಅಧಿಕಾರಿಯೇ ಸರ್ಕಾರ. ಗವರ್ನರ್ ಮೆಕಾರ್ಥಿ ಅಶಾಂತಿಯವರ ವಿರುದ್ಧ ಸಣ್ಣ ಪಡೆ ತೆಗೆದುಕೊಂಡು ಕಾಡಿಗೆ ನುಗ್ಗಿದ. ಥ್ಯಾಕರೆ ಸಣ್ಣ ಪಡೆ ತೆಗೆದುಕೊಂಡು ಕಿತ್ತೂರಿಗೆ ಬಂದ. ಇಬ್ಬರೂ ಎದುರಿನವರನ್ನು ಕೀಳಾಗಿ ಅಳೆದರು. ಆ ಆಡಳಿತ ನಡೆಯುತ್ತಿದ್ದ ರೀತಿಯೇ ಇಂಥ ಸಾವುಗಳನ್ನು ಹುಟ್ಟಿಸುತ್ತಿತ್ತು. ನೀವು ಕೇಳಿದ ಒಂದೇ ಕಾರಣ ನನ್ನ ಪ್ರಕಾರ ಇದು.

ಎರಡನೆಯದು ಥಾಮಸ್ ಮನ್ರೋ. ಮದ್ರಾಸಿನ ಗವರ್ನರ್. ನಮ್ಮ ಬಾದಾಮಿ, ಬೆಳಗಾವಿ ಕೋಟೆಗಳನ್ನು 1818ರಲ್ಲಿ ಹಿಡಿದವನು. 1824ರಲ್ಲಿ ಅವನು ಕೆಲಸ ಬಿಟ್ಟು ಊರಿಗೆ ಹೋಗಲು ಬಯಸಿದ್ದ. ಬರ್ಮಾ ಯುದ್ಧ ಬಂದು ನಿಲ್ಲಿಸಿತು. ರಂಗೂನಿಗೆ ಪಡೆ, ದವಸ, ದನ ಕಳಿಸುವ ಭಾರ ಅವನ ಹೆಗಲಿಗೆ ಬಿತ್ತು. ಅದಕ್ಕಾಗಿಯೇ ಮರು ವರ್ಷ ಅವನಿಗೆ ಬ್ಯಾರನೆಟ್ ಪದವಿಯೂ ಬಂತು. ಹೀಗೆ ಮದ್ರಾಸಿನ ಸೈನ್ಯ ಸಮುದ್ರದ ಆಚೆ ಸಿಕ್ಕಿಕೊಂಡಿದ್ದ ಹೊತ್ತಿನಲ್ಲಿ ಕಿತ್ತೂರು ಎದ್ದಿತು. ಡಿಸೆಂಬರ್‌ನಲ್ಲಿ ಕಿತ್ತೂರಿನ ಎರಡನೇ ಕದನದಲ್ಲಿ ಸತ್ತವರಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಒಬ್ಬ. ಅವನು ಇದೇ ಗವರ್ನರ್‌ನ ಅಣ್ಣನೋ ತಮ್ಮನೋ ಒಬ್ಬರ ಮಗ. ಒಂದೇ ಮನೆತನದ ಒಬ್ಬ ರಂಗೂನಿಗೆ ಸೈನ್ಯ ತುಂಬಿಸುತ್ತಿದ್ದ, ಇನ್ನೊಬ್ಬ ಕಿತ್ತೂರಿನಲ್ಲಿ ಸತ್ತ.

ಗಂಡುಮೆಟ್ಟಿನ ನಾಡು:

ಈ ಮನ್ರೋ ವಿಷಯ ನಮ್ಮ ಕಡೆಯ ಭಾಷಣಗಳಲ್ಲಿ ಬರುವುದೇ ಇಲ್ಲ. ಪ್ರತಿ ವರ್ಷ ಕಿತ್ತೂರು ಉತ್ಸವದಲ್ಲಿ ಥ್ಯಾಕರೆ ಹೆಸರು ನೂರು ಸಲ ಕೇಳುತ್ತೇವೆ. ಬರ್ಮಾ ಹೆಸರು ಒಮ್ಮೆಯೂ ಇಲ್ಲ. ಸೇರಿಸಬೇಕು ರೀ.

ಲೆಕ್ಕದ ಮೇಷ್ಟ್ರು:

ಹಾಗಾದರೆ ನನ್ನ ತೀರ್ಮಾನ ಹೇಳುತ್ತೇನೆ. ಬರ್ಮಾ, ಬ್ಯಾರಕ್‌ಪುರ, ಕಿತ್ತೂರು ಮೂರನ್ನೂ ಒಂದೇ ಕಂಪನಿಯ ಒಂದೇ ಇಕ್ಕಟ್ಟಿನೊಳಗೆ ಇಡಬಹುದು. ಅಶಾಂತಿ ರಾಜ್ಯದ ಕದನವನ್ನು ಮೆಕಾರ್ಥಿಯಂಥ ಅಧಿಕಾರಿಯ ಸ್ವಭಾವದ ದೃಷ್ಟಿಯಿಂದ ಸೇರಿಸಬಹುದು. ಆದರೆ ಅಯಕುಚೊ ಬೇಡ. ಅದು ಸ್ಪೇನ್, ಅದರ ಕಥೆಯೇ ಬೇರೆ. ಅಲ್ಲಿ ಗೆದ್ದ ಸುಕ್ರೆ, ಅವನ ಹಿಂದಿದ್ದ ಬೊಲಿವಾರ್ ಇಬ್ಬರೂ ಸ್ಪೇನ್ ಮೂಲದ ಶ್ರೀಮಂತ ಮನೆಗಳವರು. ಪೆರುವಿನ ಮೂಲನಿವಾಸಿಗಳ ಮೇಲಿದ್ದ ತಲೆಗಂದಾಯ ಹೊಸ ಗಣರಾಜ್ಯದಲ್ಲಿ 1826ಕ್ಕೆ ಮತ್ತೆ ಬಂತು. ಕಿತ್ತೂರಿನ ಪಕ್ಕ ಅದನ್ನು ಇಟ್ಟರೆ ಎರಡೂ ಮಸುಕಾಗುತ್ತವೆ.

ಹಳೇಪುಟ:

ಮೇಷ್ಟ್ರೇ, ಅಯಕುಚೊ ಬೇರೆ ಬಗೆಯದು, ಒಪ್ಪಿದೆ. ಆದರೂ ಪಟ್ಟಿಯಿಂದ ತೆಗೆಯಲು ಮನಸ್ಸಿಲ್ಲ. ಸಮುದ್ರ ಮಟ್ಟದಿಂದ 3,000 ಮೀಟರ್‌ಗೂ ಎತ್ತರದ ಬಯಲು. ಸುಕ್ರೆಯ ಸೈನ್ಯ 6,000ಕ್ಕೂ ಕಡಿಮೆ, ಎದುರಿನ ಸೈನ್ಯ ಅದಕ್ಕಿಂತ ದೊಡ್ಡದು. ಕೆಲವೇ ಗಂಟೆಗಳಲ್ಲಿ ವೈಸ್‌ರಾಯ್ ಲಾ ಸೆರ್ನಾ ಗಾಯಗೊಂಡು ಸೆರೆ ಸಿಕ್ಕ. ಅದೇ ಡಿಸೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಮೆಕ್ಸಿಕೊ, ಕೊಲಂಬಿಯಾ, ಬ್ಯೂನಸ್ ಐರಿಸ್‌ಗಳ ಸ್ವಾತಂತ್ರ್ಯವನ್ನು ಮಾನ್ಯ ಮಾಡಲು ತೀರ್ಮಾನಿಸಿತು. ಅಲ್ಲಿ ವ್ಯಾಪಾರಕ್ಕೆ ಬಾಗಿಲು ತೆರೆಯುತ್ತಿತ್ತು. ಅದೇ ತಿಂಗಳು ಅದೇ ದೇಶದ ಕಂಪನಿ ಕಿತ್ತೂರಿನ ಬಾಗಿಲು ಒಡೆಯುತ್ತಿತ್ತು. ಇವೆರಡನ್ನೂ ಒಂದೇ ಪುಟದಲ್ಲಿ ಓದಬೇಕು ಅನ್ನುವುದು ನನ್ನ ಆಸೆ.

ಏಳನೇ ತರಗತಿ ಟೀಚರ್:

ಇಷ್ಟೂ ಓದಿದೆ. ಮಕ್ಕಳಿಗೆ ಅಕ್ಟೋಬರ್ 23ಕ್ಕೆ ಗೋಡೆ ಪತ್ರಿಕೆ ಮಾಡಿಸಬೇಕು ಅಂತಿದ್ದೇನೆ. ಮಧ್ಯದಲ್ಲಿ ಕಿತ್ತೂರು, ಸುತ್ತ ಜಗತ್ತಿನ ನಕ್ಷೆ, 1824ರ ಊರುಗಳಿಗೆ ದಾರ. ಒಂದು ಪ್ರಶ್ನೆ ಇದೆ ಸರ್. ಬರ್ಮಾ ಯುದ್ಧದಿಂದ ಕಂಪನಿಗೆ ಒಳಗೆ ಕೈ ಕಟ್ಟಿದಂತಾಗಿತ್ತು ಅಂತ ಮಕ್ಕಳಿಗೆ ಒಂದೇ ಉದಾಹರಣೆಯಲ್ಲಿ ಹೇಳುವುದು ಹೇಗೆ?

ಹಳೇಪುಟ:

ಮೇಡಂ, ಅದಕ್ಕೆ ಭರತ್‌ಪುರ ಹೇಳಿ. ಅಲ್ಲೂ ಪ್ರಶ್ನೆ ವಾರಸುದಾರಿಕೆಯದೇ. 1825ರಲ್ಲಿ ರಾಜ ತೀರಿಕೊಂಡ. ಎಳೆಯ ಮಗನನ್ನು ಬದಿಗೆ ಸರಿಸಿ ದುರ್ಜನ್ ಸಾಲ್ ಎಂಬ ದಾಯಾದಿ ಗದ್ದುಗೆ ಹಿಡಿದ. ದೆಹಲಿಯಲ್ಲಿದ್ದ ಕಂಪನಿಯ ಹಿರಿಯ ಅಧಿಕಾರಿ ಆಕ್ಟರ್‌ಲೋನಿ ಕೂಡಲೇ ಸೈನ್ಯ ಹೊರಡಿಸಿದ. ಆಮ್‌ಹರ್ಸ್ಟ್ ಆ ಆಜ್ಞೆಯನ್ನು ರದ್ದು ಮಾಡಿದ, ಏಕೆಂದರೆ ಬರ್ಮಾದಲ್ಲಿ ಯುದ್ಧ ನಡೆಯುತ್ತಿತ್ತು, ಇನ್ನೊಂದು ಕೋಟೆಗೆ ಮುತ್ತಿಗೆ ಹಾಕುವ ಧೈರ್ಯ ಇರಲಿಲ್ಲ. ಆಕ್ಟರ್‌ಲೋನಿ ಮನನೊಂದು ಕೆಲಸ ಬಿಟ್ಟ, ಅದೇ ಜುಲೈನಲ್ಲಿ ತೀರಿಕೊಂಡ. ಭರತ್‌ಪುರ ಕೋಟೆಯನ್ನು ಕಂಪನಿ ಹಿಡಿದದ್ದು 1826ರ ಜನವರಿಯಲ್ಲಿ, ಬರ್ಮಾ ಯುದ್ಧ ಕೊನೆಗೆ ಬಂದಾಗ. ದಾರ ಎಳೆಯುವಾಗ ರಂಗೂನಿನಿಂದ ಮೂರು ಎಳೆಯಿರಿ: ಬ್ಯಾರಕ್‌ಪುರಕ್ಕೆ, ಭರತ್‌ಪುರಕ್ಕೆ, ಮದ್ರಾಸಿನ ಮೇಲೆ ಹಾಯ್ದು ಕಿತ್ತೂರಿಗೆ. ಅಯಕುಚೊಗೆ ಬೇರೆ ಬಣ್ಣದ ದಾರ ಹಾಕಿ, ಮೇಷ್ಟ್ರ ಮಾತೂ ಉಳಿಯಲಿ.